ಬೆಂಕಿ ಮುಂದೆ ನಿಂತವರ ಪಾಲು

ರಜೆಯ ದಿನವಾದ ಶುಕ್ರವಾರ ಮಧ್ಯಾಹ್ನ ನಮ್ಮ ಅರ್ಮೇನಿಯನ್ ಕೇರಿ ಜುಲ್ಫಾದ ಓಣಿಗಳಲ್ಲಿ ಯಾರ ಮನೆಯಲ್ಲಿ ಗಂಡಸರಿದ್ದಾರೆ ಎಂದು ತಿಳಿಯಲು ಬಾಗಿಲು ತಟ್ಟಬೇಕಾಗಿಲ್ಲ, ಗೋಡೆಯಾಚೆಯ ಹೊಗೆ ನೋಡಿದರೆ ಸಾಕು. ವಾರವಿಡೀ ಒಂದು ಲೋಟ ನೀರನ್ನೂ ತಾವಾಗಿ ಬಗ್ಗಿಸಿಕೊಳ್ಳದ ನಮ್ಮ ಅರ್ಮೇನಿಯನ್ ಗಂಡಸರು ಅಂದು ಮಾತ್ರ ಅಂಗಳದಲ್ಲಿ ಅಗ್ಗಿಷ್ಟಿಕೆ ಹೂಡಿ, ಹಂದಿಯ ಪಕ್ಕೆಲುಬನ್ನು ಸರಳಿಗೆ ಚುಚ್ಚಿ, ಬೀಸಣಿಗೆ ಹಿಡಿದು ಮಹಾರಾಜರ ಹಾಗೆ ನಿಲ್ಲುತ್ತಾರೆ. ಹೆಂಗಸರು ಈರುಳ್ಳಿ ಹೆಚ್ಚಬಹುದು, ಲವಾಶ್ ರೊಟ್ಟಿಗೆ ನೀರು ಚಿಮುಕಿಸಿ ಮಡಚಿಡಬಹುದು, ಆಮೇಲೆ ಪಾತ್ರೆ ತೊಳೆಯಬಹುದು. ಕೆಂಡದ ಹತ್ತಿರ ಮಾತ್ರ ಅವರಿಗೆ ಕೆಲಸವಿಲ್ಲ.

ಸೆರೋಬ್ ತೀರಿಕೊಂಡ ಮೇಲೆ ಅವನ ಮನೆಯಿಂದ ಹೊಗೆ ಏಳುವುದು ನಿಂತಿತು. ತನ್ನ ಕಾರು ರಿಪೇರಿ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮನೆಯಲ್ಲಿ ಉಳಿದವರು ಮೂವರು ಹೆಂಗಸರು. ತಾಯಿ ವರ್ದುಶಜ್ಜಿ, ಹೆಂಡತಿ ನಾಜಿಕ್, ಹೈಸ್ಕೂಲಿಗೆ ಹೋಗುವ ಮಗಳು ಆರ್ಲೆಟ್. ನಾಜಿಕ್ ಮನೆಯಲ್ಲೇ ಪರದೆ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದಿಲ್ಲ. ಜಗಳವಾದಾಗ ಮಾತ್ರ ಮನೆಯಲ್ಲಿ ಜನ ಇದ್ದಾರೆ ಅನಿಸುತ್ತಿತ್ತು.

ಸೆರೋಬನ ತಮ್ಮ ಎಡ್ವಿನ್ ಒಳ್ಳೆಯವನು. ಅಣ್ಣ ಹೋದ ಮೇಲೆ ಪ್ರತಿ ಶುಕ್ರವಾರ ಕಾರು ತಂದು ಮೂವರನ್ನೂ ತನ್ನ ಮನೆಗೆ ಊಟಕ್ಕೆ ಕರೆದೊಯ್ಯುತ್ತಿದ್ದ. ಕರುಣೆ ತೋರಿಸುವವರ ಮನೆಯ ಊಟ ಗಂಟಲಲ್ಲಿ ಇಳಿಯುವುದು ಕಷ್ಟ ಎಂಬುದು ಅವನಿಗೆ ಗೊತ್ತಿರಲಿಲ್ಲ, ಪಾಪ.

ಈಸ್ಟರ್ ಕಳೆದ ಮೊದಲ ಶುಕ್ರವಾರ ಅವನು ಪಕ್ಕೆಲುಬಿನ ತಟ್ಟೆ ತಂದು ಮೇಜಿನ ಮೇಲಿಟ್ಟು, ಮೊದಲು ತಾಯಿಗೆ ಬಡಿಸಿದ. ಅಜ್ಜಿ ಒಂದು ತುಂಡನ್ನು ಲವಾಶಿನಲ್ಲಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ತಿನ್ನಮ್ಮಾ.”

“ತಿಂತಾ ಇದೀನಲ್ಲೋ.”

“ಎಲ್ಲಿ ತಿಂತಾ ಇದೀಯ? ಸುತ್ತಿ ಸುತ್ತಿ ಮಗು ಮಲಗಿಸೋ ಹಾಗೆ ಮಲಗಿಸ್ತಾ ಇದೀಯ.”

ಆರ್ಲೆಟ್ ಕಿಸಕ್ಕನೆ ನಕ್ಕಳು. ಎಡ್ವಿನನ ಹೆಂಡತಿ ಹಿಲ್ಡಾ ನಗಲಿಲ್ಲ.

“ಹಲ್ಲಿಲ್ಲದೋರು ತಿನ್ನದಿದ್ರೆ ಸರಿ. ಅತ್ತೆಗೇನಾಗಿದೆ? ಎಂಟು ವರ್ಷದ ಹಿಂದೆ ನಮ್ಮ ಡಾಕ್ಟರ ಕೈಲಿ ಅರ್ಧ ರೇಟಿಗೆ ಮಾಡಿಸಿಕೊಟ್ಟ ಸೆಟ್ಟು, ಇವತ್ತಿಗೂ ಮುತ್ತಿನ ಹಾಗಿದೆ. ಬೇಕಾದ್ರೆ ಪಿಸ್ತಾ ಸಿಪ್ಪೆ ಒಡೀಬಹುದು.”

ಹಿಲ್ಡಾ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕೆಲಸದವಳು. ಆ ಸೆಟ್ಟಿನ ಕಥೆ ಕೇಳದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಅತ್ತೆ ನಕ್ಕಾಗಲೆಲ್ಲ ಅವಳು ಸುತ್ತಲಿನವರ ಮುಖ ನೋಡುತ್ತಾಳೆ, ನನ್ನ ಉಪಕಾರ ಕಂಡಿತಾ ಎಂದು ಕೇಳುವ ಹಾಗೆ.

“ಹಸಿವೇ ಸತ್ತು ಹೋಗಿದೆ ಅವರಿಗೆ” ಎಂದಳು ಹಿಲ್ಡಾ, ಈಗ ನಾಜಿಕ್ ಕಡೆ ತಿರುಗಿ. “ನೀವು ಬೇಜಾರು ಮಾಡ್ಕೋಬೇಡಿ ಅಕ್ಕ. ಆ ಮನೇಲಿ ಇಡೀ ದಿನ ಮಗನ ಕುರ್ಚಿ ನೋಡ್ಕೊಂಡು ಕೂತ್ರೆ ಯಾರಿಗೆ ತಾನೆ ಅನ್ನ ಸೇರುತ್ತೆ? ನೀವೋ ಮೆಷಿನ್ ಬಿಟ್ಟು ಏಳಲ್ಲ.”

“ಮೆಷಿನ್ ಬಿಟ್ಟು ಎದ್ರೆ ಅಕ್ಕಿ ಯಾರು ತರ್ತಾರೆ, ಹಿಲ್ಡಾ?”

ಎಡ್ವಿನ್ ಕೆಮ್ಮಿದ. “ಅತ್ತಿಗೆ, ನಾವಿಬ್ರೂ ಮಾತಾಡ್ಕೊಂಡಿದೀವಿ. ಅಣ್ಣನ ವರ್ಷದ ಪ್ರಾರ್ಥನೆ ಮುಗೀಲಿ. ಆಮೇಲೆ ಅಮ್ಮ ನಮ್ಮ ಜೊತೆ ಇರ್ಲಿ. ನೋಡಿ, ಎಷ್ಟು ಇಳಿದುಹೋಗಿದಾಳೆ.”

ಎಲ್ಲರೂ ಅಜ್ಜಿಯನ್ನು ನೋಡಿದರು. ನಿಜವಾಗಿಯೂ ಇಳಿದುಹೋಗಿದ್ದಳು. ಕಪ್ಪು ಅಂಗಿಯ ಕುತ್ತಿಗೆಯೊಳಗೆ ಇನ್ನೊಂದು ಕೈ ತೂರಿಸುವಷ್ಟು ಜಾಗವಿತ್ತು.

“ಎತ್ತಿ ಈ ಕಡೆಯಿಂದ ಆ ಕಡೆ ಇಡೋಕೆ ನಾನೇನು ಬೀರುವಾ?” ಎಂದಳು ಅಜ್ಜಿ. ಲವಾಶನ್ನು ಮತ್ತೊಮ್ಮೆ ಮಡಚಿ, “ನಿಮ್ಮಿಷ್ಟ” ಎಂದಳು.

ಆ ‘ನಿಮ್ಮಿಷ್ಟ’ ಕೇಳಿ ನಾಜಿಕ್‌ಗೆ ಕೆಡುಕೆನಿಸಿತು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಕಚ್ಚಾಡಿಕೊಂಡು ಬದುಕಿದ ಅತ್ತೆ ಒಂದು ಸಲವಾದರೂ ‘ಹೋಗಲ್ಲ’ ಅನ್ನಬಾರದೇ? ಇವಳೂ ಹೋದರೆ ಜಗಳವಾಡಲಾದರೂ ಯಾರಿರುತ್ತಾರೆ? ಆರ್ಲೆಟ್ ಬೆಳೆಯುವ ಹುಡುಗಿ, ಈಗಲೇ ಬಾಗಿಲು ಮುಚ್ಚಿಕೊಂಡು ಫೋನು ನೋಡುತ್ತಾಳೆ. ಆ ದೊಡ್ಡ ಮನೆಯಲ್ಲಿ ಹೊಲಿಗೆ ಯಂತ್ರದ ಜೊತೆ ತಾನೊಬ್ಬಳೇ. ಊರೆಲ್ಲ ಹೇಳುತ್ತದೆ, ಅತ್ತೆಯನ್ನು ಉಪವಾಸ ಕೆಡವಿದಳಂತೆ ಎಂದು. ಇಷ್ಟೆಲ್ಲ ತಲೆಯಲ್ಲಿ ಓಡಿದರೂ ಅವಳ ಬಾಯಿಂದ ಬಂದದ್ದು, “ಅವರಿಗೆ ಇಷ್ಟ ಆದ್ರೆ ನಂದೇನಿದೆ” ಎಂಬ ಮಾತು.

ಮನೆಗೆ ಬಂದ ಮೇಲೆ ಬಟ್ಟೆ ನೆನೆಸುವಾಗ ಅಜ್ಜಿಯ ಜೇಬಿನಲ್ಲಿ ಕಾಗದದ ಕರವಸ್ತ್ರ ಸಿಕ್ಕಿತು. ಅದರೊಳಗೆ ಪಕ್ಕೆಲುಬಿನ ಮಾಂಸ, ಒಂದು ಕಡೆ ಮಾತ್ರ ಹಲ್ಲಿನ ಗುರುತು.

“ಆರ್ಲೆಟ್, ನಿಮ್ಮಜ್ಜಿಗೆ ಕೇಳು, ಇದೇನು ಜೇಬಲ್ಲಿ ಸಮಾಧಿ ಕಟ್ಟಿಟ್ಟಿದಾರೆ ಅಂತ.”

“ಅಜ್ಜೀ, ಅಮ್ಮ ಕೇಳ್ತಾ ಇದಾರೆ…”

“ಕೇಳಿಸ್ತು ಬಿಡೇ. ಬೆಕ್ಕಿಗೆ ಅಂತ ತಂದೆ ಅನ್ನು.”

“ಅಮ್ಮಾ, ಬೆಕ್ಕಿಗಂತೆ.”

“ಯಾವ ಬೆಕ್ಕು? ನಮ್ಮನೇಲಿ ಬೆಕ್ಕಿದೆಯಾ ಅಂತ ಕೇಳು.”

“ನೀವಿಬ್ರೂ ಒಂದೇ ಕೋಣೇಲಿ ಇದೀರ” ಎಂದು ಆರ್ಲೆಟ್ ಪುಸ್ತಕ ಎತ್ತಿಕೊಂಡು ಹೊರಟುಹೋದಳು.

ಮುಂದಿನ ವಾರಗಳೂ ಹೀಗೇ ಕಳೆದವು. ನಾಜಿಕ್ ಅನ್ನ ಮಾಡಿದರೆ ಅಜ್ಜಿ ನಾಲ್ಕು ತುತ್ತು ಕೆದಕಿ ತಟ್ಟೆ ಸರಿಸುವಳು. ಹುರುಳಿಕಾಯಿ ಮಾಡಿದರೆ ಹೊಟ್ಟೆ ತುಂಬಿದೆ ಎನ್ನುವಳು. ಕಟ್ಲೆಟ್ ಕರಿದರೆ ಎಣ್ಣೆ ಜಾಸ್ತಿ. ಬೆಳಿಗ್ಗೆ ನಾಜಿಕ್ ಎದ್ದು ಬರುವಷ್ಟರಲ್ಲಿ ಅಡುಗೆಮನೆಯ ಮೇಜಿನ ಮೇಲೆ ಒಂದು ದೊಡ್ಡ ಬಟ್ಟಲು, ತಳದಲ್ಲಿ ಚಹಾದಲ್ಲಿ ನೆನೆದ ರೊಟ್ಟಿಯ ಚೂರು. ತಾನು ಮಾಡಿದ್ದನ್ನು ಬಿಟ್ಟು ಕದ್ದು ಚಹಾ ರೊಟ್ಟಿ ತಿನ್ನುತ್ತಾಳೆ! ಇದಕ್ಕಿಂತ ಅವಮಾನ ಬೇರೆ ಬೇಕೇ?

“ನನ್ನ ಕೈ ಅಡುಗೆ ಅಷ್ಟು ಕೆಟ್ಟದಾ ಅತ್ತೆ? ನೇರವಾಗಿ ಹೇಳ್ಬಿಡಿ.”

“ನಾನೇನಂದೆ?”

“ಏನೂ ಅನ್ನಲ್ಲ. ಅದೇ ಕಷ್ಟ. ಮಗ ಇದ್ದಾಗ ಶುಕ್ರವಾರ ಎಷ್ಟು ಚೆನ್ನಾಗಿ ತಿಂತಿದ್ರಿ!”

“ಮಗ ಇದ್ದ, ತಿಂತಿದ್ದೆ” ಎಂದು ಅಜ್ಜಿ ಎದ್ದು ಹೋದಳು.

ಮಾಂಸದಂಗಡಿಯ ಗಾಲುಸ್ತ್ ಒಂದು ದಿನ ನಾಜಿಕ್‌ಳನ್ನು ದಾರಿಯಲ್ಲೇ ಕರೆದ. “ತಂಗೀ, ಇವತ್ತು ಸೂಕಿ ಬಂದಿದೆ. ಹಳೇ ಅಭ್ಯಾಸಕ್ಕೆ ಮರೆತು ನಿಮ್ಮ ಹೆಸರಲ್ಲೇ ಎತ್ತಿಟ್ಬಿಟ್ಟೆ ನೋಡು.”

ಸೂಕಿ ಎಂದರೆ ಹಂದಿಯ ಬೆನ್ನೆಲುಬಿನ ಒಳಮಗ್ಗುಲಿಗೆ ಅಂಟಿಕೊಂಡಿರುವ ಉದ್ದನೆಯ ಎಳೆ ಮಾಂಸ. ಒಂದು ಹಂದಿಗೆ ಎರಡೇ. ಮೂಳೆಯಿಲ್ಲ, ಕೊಬ್ಬಿಲ್ಲ. ನಮ್ಮ ಗಂಡಸರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ಅದು ಕಾಯಿಲೆಯವರಿಗೆ, ಹಸುಗೂಸುಗಳಿಗೆ ಅಂತ. ಸೆರೋಬ್ ಮಾತ್ರ ಕೆಲವು ವರ್ಷಗಳಿಂದ ಸೂಕಿಯ ಹುಚ್ಚು ಹಿಡಿಸಿಕೊಂಡಿದ್ದ. ಒಂಟೆಯಂಥ ಆಳು, ಮಗುವಿನ ಊಟ ಎಂದು ಎಲ್ಲರೂ ಆಡಿಕೊಂಡು ನಗುತ್ತಿದ್ದರು. ಅವನು ಕೇಳುತ್ತಿರಲಿಲ್ಲ. ಅಗ್ಗಿಷ್ಟಿಕೆಯ ತುದಿಯಲ್ಲಿ ಕೆಂಡ ಮೆತ್ತಗಿರುವ ಕಡೆ ಒಂದೇ ಒಂದು ಸರಳು ಸೂಕಿ ಇಟ್ಟುಕೊಂಡು, “ಇದು ಬೆಂಕಿ ಮುಂದೆ ನಿಂತವರ ಪಾಲು, ಯಾರೂ ಕೈ ಹಾಕಬೇಡಿ” ಎನ್ನುವನು. ಆಮೇಲೆ ತಟ್ಟೆ ಹಿಡಿದು ತಾಯಿಯ ಪಕ್ಕ ಕೂರುವನು. ಊಟದ ಉದ್ದಕ್ಕೂ ಅವನದು ಒಂದೇ ಗೋಳು. “ಅಮ್ಮಾ, ಉಪ್ಪು ಸರಿಯಾಗಿದೆಯಾ ನೋಡು. ಇದರಲ್ಲಿ? ಇದರಲ್ಲಿ ಹೇಗಿದೆ ನೋಡು.” ಗಂಡನಿಗೆ ಇಷ್ಟ ಎಂದು ನಾಜಿಕ್ ಪ್ರತಿ ವಾರ ಗಾಲುಸ್ತನಿಗೆ ಹೇಳಿ ಸೂಕಿ ಎತ್ತಿಡಿಸುತ್ತಿದ್ದಳು, ಮೇಲಿನ ಬಿಳಿ ಪೊರೆ ತಾನೇ ಕೂತು ಬಿಡಿಸಿಕೊಡುತ್ತಿದ್ದಳು. ಬೆಂಕಿಯ ಕೆಲಸದಲ್ಲಿ ಅವಳಿಗಿದ್ದ ಪಾಲು ಅಷ್ಟೇ.

“ಕೊಡಿ ಅಣ್ಣ” ಎಂದಳು ನಾಜಿಕ್. ಆ ಕ್ಷಣಕ್ಕೇ ನಿರ್ಧಾರವಾಯಿತು. ವರ್ಷದ ಊಟಕ್ಕೆ ಅವನಿಗೆ ಇಷ್ಟವಾದದ್ದನ್ನು ಅವನ ಅಗ್ಗಿಷ್ಟಿಕೆಯಲ್ಲೇ ತಾನು ಸುಡುತ್ತೇನೆ. ಎಡ್ವಿನನ ಕೈಯಿಂದ ಬೇಡ. ಇದು ಕೈ ಪಳಗಿಸಿಕೊಳ್ಳುವುದಕ್ಕೆ.

ಪೊಟ್ಟಣ ಬಿಚ್ಚಿದ್ದನ್ನು ನೋಡಿ ಅಜ್ಜಿಯ ಮುಖ ಬದಲಾಯಿತು.

“ಸೂಕಿ ಯಾಕೆ ತಂದೆ?”

“ವರ್ಷದ ದಿನ ಮಾಡೋಣ ಅಂತ. ನಿಮ್ಮ ಮಗನಿಗೆ ಇಷ್ಟ ಅಲ್ವಾ?”

“ಈ ಮನೇಲಿ ಸೂಕಿ ಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ. ಬೆಂಕಿ ಮುಂದೆ ಹೆಂಗಸು ನಿಂತ್ರೆ ಓಣಿಯೋರು ಏನಂತಾರೆ? ಮನೇಲಿ ಗಂಡಸಿಲ್ಲ ಅಂತ ಡಂಗುರ ಹೊಡೀಬೇಕಾ?”

“ಇಲ್ಲದೇ ಇರೋದು ಓಣಿಗೆಲ್ಲ ಗೊತ್ತಿದೆ ಅತ್ತೆ. ಮಣ್ಣು ಹಾಕೋಕೆ ಎಲ್ಲರೂ ಬಂದಿದ್ರು.”

ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಅಜ್ಜಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಸಾಲೆಗೆ ಸೆರೋಬ್ ಏನೇನು ಹಾಕುತ್ತಿದ್ದ ಎಂದು ನಾಜಿಕ್ ನೆನಪಿಸಿಕೊಂಡಳು. ಈರುಳ್ಳಿ ತುರಿದು ಕೈಯಲ್ಲಿ ಹಿಂಡಿದ ರಸ, ಕಲ್ಲುಪ್ಪು, ಕರಿಮೆಣಸು, ಕೆಂಪು ಮೆಣಸಿನ ಪುಡಿ, ಒಣಗಿದ ರೈಹಾನ್ ಸೊಪ್ಪು. ಆದರೂ ಸಮಾಧಾನವಿಲ್ಲ. ಗಂಡಸರು ಕೆಂಡದ ಮುಂದೆ ಇನ್ನೇನೋ ಗುಟ್ಟು ಬಚ್ಚಿಟ್ಟಿರುತ್ತಾರೆ ಎಂಬ ಅನುಮಾನ.

“ಅಮ್ಮಾ, ಕಿವಿ ಹಣ್ಣು ಹಾಕು” ಎಂದಳು ಆರ್ಲೆಟ್ ಫೋನಿನಿಂದ ತಲೆ ಎತ್ತದೆ. “ನನ್ನ ಕ್ಲಾಸಿನ ಶೀವಾ ಅವರಮ್ಮ ಕಬಾಬಿಗೆ ಅದನ್ನೇ ಹಾಕ್ತಾರೆ. ಮಾಂಸ ಬೆಣ್ಣೆ ಆಗುತ್ತಂತೆ.”

“ಎಷ್ಟು ಹಾಕ್ಬೇಕು?”

“ಅದೆಲ್ಲ ನಂಗೊತ್ತಿಲ್ಲ.”

ನಾಜಿಕ್ ಎರಡು ಕಿವಿ ಹಣ್ಣು ಕಿವುಚಿ ಸುರಿದು, ಪಾತ್ರೆ ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟಳು. ಒಂದು ಗಂಟೆಗಿಂತ ಜಾಸ್ತಿ ಇಡಬಾರದು ಎಂದು ನಮ್ಮೂರಿನ ಕಬಾಬಿನ ಅಂಗಡಿಯವರಿಗೆಲ್ಲ ಗೊತ್ತು. ಆದರೆ ಯಾರನ್ನು ಕೇಳುತ್ತಾಳೆ?

ಮಾರನೆಯ ಮಧ್ಯಾಹ್ನ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಎಳೆದು ತಂದಳು. ಒಳಗೆ ಸೆರೋಬನ ಕೊನೆಯ ಶುಕ್ರವಾರದ ಬೂದಿ ಹಾಗೇ ಇತ್ತು. ಅದನ್ನು ಚೆಲ್ಲಲು ಮನಸ್ಸಾಗದೆ ಒಂದು ಡಬ್ಬಿಗೆ ತುಂಬಿ ಕಿಟಕಿಯ ಕೆಳಗಿಟ್ಟಳು. ಹೊಗೆ ಗೋಡೆ ದಾಟುತ್ತಲೇ ಪಕ್ಕದ ಮನೆಯ ಕ್ನಾರಿಕ್ ಕೂಗಿದಳು.

“ನಾಜಿಕ್! ಎಡ್ವಿನ್ ಬಂದಿದಾನಾ?”

“ಇಲ್ಲ.”

“ಮತ್ತೆ ಯಾರು ಬಂದಿದಾರೆ?”

“ಯಾರೂ ಇಲ್ಲ. ನಾನೇ.”

ಗೋಡೆಯಾಚೆ ಸ್ಟೂಲು ಎಳೆದ ಸದ್ದಾಯಿತು.

ಜ್ವಾಲೆ ಇಳಿದು ಇದ್ದಿಲ ಮೇಲೆ ಬಿಳಿ ಬೂದಿ ಕೂರುವ ತನಕ ಕಾದಳು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಫ್ರಿಜ್ಜಿನಿಂದ ಪಾತ್ರೆ ತೆಗೆದರೆ ಮಾಂಸ ಬೆಣ್ಣೆಯಲ್ಲ, ಗಂಜಿಯಾಗಿತ್ತು. ಸರಳಿಗೆ ಚುಚ್ಚಿದರೆ ನಿಲ್ಲದು. ಹೇಗೋ ಒತ್ತಿ ಒತ್ತಿ ನಿಲ್ಲಿಸಿ ಕೆಂಡದ ಮೇಲಿಟ್ಟಳು. ಒಂದು ಮಗ್ಗುಲು ಕೆಂಪಾಗುತ್ತಿದ್ದಂತೆ ತಿರುಗಿಸಿದಳು. ಸರಳು ಮಾತ್ರ ತಿರುಗಿತು, ಮಾಂಸ ಅಲ್ಲೇ ನಿಂತಿತು, ಆಮೇಲೆ ಚೂರುಚೂರಾಗಿ ಕೆಂಡಕ್ಕೆ ಬಿತ್ತು. ಆರ್ಲೆಟ್ ತಟ್ಟೆ ಹಿಡಿದು ಓಡಿ ಬಂದು ಅರ್ಧ ಉಳಿಸಿದಳು.

“ಅಮ್ಮಾ, ಇದು ಸೂಕಿನಾ, ಸೂಪಾ?”

ಕಣ್ಣಲ್ಲಿ ಹೊಗೆಯ ನೀರೋ ಬೇರೆ ನೀರೋ, ನಾಜಿಕ್ ತಟ್ಟೆಯನ್ನು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದಳು. “ತೆಗೆದು ಬಿಸಾಡು. ನನ್ನ ಕೈಲಿ ಯಾವುದೂ ಆಗಲ್ಲ. ಅವರು ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು.” ಆರ್ಲೆಟ್‌ಗೆ ಟ್ಯೂಷನ್ನಿಗೆ ಹೊತ್ತಾಗಿತ್ತು, ಹೊರಟುಹೋದಳು. ನಾಜಿಕ್ ರೊಟ್ಟಿ, ಮೊಟ್ಟೆ ತರಲು ಬೀದಿಗಿಳಿದಳು. ತಿರುವಿನವರೆಗೆ ಹೋದ ಮೇಲೆ ಪರ್ಸು ಮರೆತದ್ದು ನೆನಪಾಗಿ ವಾಪಸು ಬಂದಳು.

ಅಡುಗೆಮನೆಯಲ್ಲಿ ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಕೈಯಲ್ಲಿ ಚಮಚ. ಆ ತಟ್ಟೆಯ ಮೇಲೆ ಬಗ್ಗಿ, ಬಿಸಾಡಬೇಕಿದ್ದ ಮಾಂಸವನ್ನು ತುತ್ತಿನ ಮೇಲೆ ತುತ್ತು ತಿನ್ನುತ್ತಿದ್ದಳು. ಬೂದಿ ಹತ್ತಿದ ಚೂರನ್ನೂ ಬಿಡದೆ ಒರೆಸಿ ಒರೆಸಿ ತಿನ್ನುತ್ತಿದ್ದಳು. ಪಕ್ಕದಲ್ಲಿ ಕರವಸ್ತ್ರದ ಮೇಲೆ ಹಿಲ್ಡಾ ಮಾಡಿಸಿಕೊಟ್ಟ ಮುತ್ತಿನಂಥ ಹಲ್ಲಿನ ಸೆಟ್ಟು.

“ಅತ್ತೆ?”

ಅಜ್ಜಿ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ಹಲ್ಲಿಲ್ಲದ ಆ ಬಾಯನ್ನು ನಾಜಿಕ್ ಒಂದು ದಿನವೂ ನೋಡಿರಲಿಲ್ಲ. ಕೆಳಗಿನ ವಸಡು ಕೆಂಪಗೆ ಹುಣ್ಣಾಗಿತ್ತು.

“ಇದೇನಿದು? ಯಾವಾಗಿಂದ?”

“ಮೊದಲನೇ ದಿನದಿಂದ್ಲೇ ಕೂತಿಲ್ಲ ಅದು. ಈಗ ಮೈ ಇಳಿದ ಮೇಲೆ ಇನ್ನೂ ಕಷ್ಟ. ಒಂದು ಅನ್ನದ ಅಗುಳು ಅದರಡಿ ಹೋದ್ರೆ ಜಲ್ಲಿಕಲ್ಲು ತುಳಿದ ಹಾಗಾಗುತ್ತೆ.”

“ಬಾಯಿಬಿಟ್ಟು ಹೇಳ್ಬಾರದಾ? ಬೇರೆ ಡಾಕ್ಟರ ಹತ್ರ ಹೋಗ್ಬಾರದಾ?”

“ಹೋದ್ರೆ ಸಂಜೆಯೊಳಗೆ ಹಿಲ್ಡಾ ಕಿವಿಗೆ ಬೀಳುತ್ತೆ. ಜುಲ್ಫಾ ಎಷ್ಟು ದೊಡ್ಡದು? ಆಸೆಪಟ್ಟು ಮಾಡಿಸಿದ್ಲು ಪಾಪದ್ದು. ಎಲ್ಲರ ಮುಂದೆ ಹೇಳ್ಕೊಂಡು ಓಡಾಡ್ತಾಳೆ. ಅವಳ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳ್ಲಿ?”

ನಾಜಿಕ್ ಕುರ್ಚಿ ಎಳೆದು ಕೂತಳು. ಎಂಟು ವರ್ಷ. ಸೆರೋಬನಿಗೆ ಸೂಕಿಯ ಹುಚ್ಚು ಹಿಡಿದದ್ದೂ ಅದೇ ವರ್ಷ.

“ಅವರಿಗೆ ಗೊತ್ತಿತ್ತು” ಎಂದಳು ಮೆಲ್ಲಗೆ.

“ಅವನೊಬ್ಬನಿಗೆ ಗೊತ್ತಿತ್ತು.” ಅಜ್ಜಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. “ಅವನಿಗೆ ಸೂಕಿ ಕಂಡ್ರೆ ಆಗ್ತಿರ್ಲಿಲ್ಲ ಕಣೇ. ಹತ್ತಿ ತಿಂದ ಹಾಗೆ ಅಂತಿದ್ದ. ಒಂದು ಚೂರೂ ಅವನು ತಿಂದಿದ್ದಲ್ಲ. ಉಪ್ಪು ನೋಡು, ಉಪ್ಪು ನೋಡು ಅಂತ ಇಡೀ ತಟ್ಟೆ ನಂಗೇ ತಿನ್ನಿಸ್ತಿದ್ದ. ನೀವೆಲ್ಲ ನಗ್ತಿದ್ರಿ.”

“ಮತ್ತೆ ಅವರು? ಅವರೇನು ತಿಂತಿದ್ರು?”

“ಎಲ್ಲರೂ ಎದ್ದ ಮೇಲೆ ಅಗ್ಗಿಷ್ಟಿಕೆ ಹತ್ರ ನಿಂತ್ಕೊಂಡು, ತಣ್ಣಗಾದ ಪಕ್ಕೆಲುಬು ಕಡೀತಿದ್ದ. ಅದೇ ಅವನಿಗೆ ಪ್ರಾಣ. ನೀನು ಒಳಗೆ ಪಾತ್ರೆ ತೊಳೀತಾ ಇರ್ತಿದ್ದೆ.”

ಏಳು ವರ್ಷ ಎತ್ತಿಡಿಸಿದ ಸೂಕಿ, ಉಗುರು ನೋಯುವಂತೆ ಬಿಡಿಸಿದ ಪೊರೆ. ಅವನು ಸತ್ತ ನಲವತ್ತನೆಯ ದಿನ ಬಂದವರೆಲ್ಲರ ಮುಂದೆ ನಾಜಿಕ್ ‘ನಮ್ಮವರಿಗೆ ಸೂಕಿ ಅಂದ್ರೆ ಪ್ರಾಣ’ ಎಂದು ಹೇಳಿಕೊಂಡು ಅತ್ತಿದ್ದಳು. ಗಂಡನಿಗೆ ಏನು ಇಷ್ಟ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಸತ್ತವನ ಮೇಲೆ ಸಿಟ್ಟು ಬಂತು, ಆ ಸಿಟ್ಟನ್ನು ತೋರಿಸಲು ಅವನೂ ಇಲ್ಲ.

“ನಂಗಾದ್ರೂ ಹೇಳ್ಬಹುದಿತ್ತು.”

“ಹೇಳಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ. ನಿಂಗೆ ಹೇಳಿದ್ರೆ? ಹಿಲ್ಡಾ ಜೊತೆ ಮುಂದಿನ ಜಗಳದಲ್ಲಿ ನಿನ್ನ ಬಾಯಿಂದ ಮೊದಲು ಬರೋ ಮಾತು ಇದೇ.”

ಅದು ನಿಜವಾದ್ದರಿಂದ ನಾಜಿಕ್ ಮಾತು ಬದಲಿಸಿದಳು. “ಈಗ ಅವರ ಮನೆಗೇ ಹೋಗ್ತೀನಿ ಅಂದ್ರಲ್ಲ. ಅಲ್ಲಿ ಏನು ತಿಂತೀರಿ?”

“ಚಾ ಇರುತ್ತಲ್ಲ.”

“ಯಾಕೆ ಒಪ್ಕೊಂಡ್ರಿ ಮತ್ತೆ?”

“ನೀನು ಬೇಡ ಅನ್ನಲಿಲ್ಲ.”

“ನೀವು ಹೋಗಲ್ಲ ಅನ್ನಲಿಲ್ಲ.”

ಅಜ್ಜಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, “ಆ ಹುಳಿ ಹಣ್ಣು ಯಾಕೆ ಸುರಿದೆ? ಅವನು ಅದೆಲ್ಲ ಹಾಕ್ತಿರ್ಲಿಲ್ಲ. ಎಳೆಗೆ ಅಡ್ಡವಾಗಿ ಕೊಯ್ತಿದ್ದ. ಸರಳಿಂದ ತೆಗೆದ ಮೇಲೆ ಲವಾಶಲ್ಲಿ ಸುತ್ತಿ ಸ್ವಲ್ಪ ಹೊತ್ತು ಬಿಡ್ತಿದ್ದ, ಅಷ್ಟೇ ಗುಟ್ಟು” ಎಂದು ಉಳಿದದ್ದನ್ನು ಚಮಚದಲ್ಲಿ ಬಳಿದಳು.

ವರ್ಷದ ಪ್ರಾರ್ಥನೆ ಭಾನುವಾರ ಬಂತು. ಇಗರ್ಜಿಯ ಪೂಜೆ ಮುಗಿಸಿ, ಸಮಾಧಿಗೆ ಧೂಪ ಹಾಕಿ ಎಲ್ಲರೂ ಮನೆಗೆ ಬರುವಷ್ಟರಲ್ಲಿ ಮುಂದಾಗಿ ಬಂದಿದ್ದ ನಾಜಿಕ್ ಕೆಂಡ ಮಾಡಿಟ್ಟಿದ್ದಳು. ಎಡ್ವಿನ್ ಅಂಗಿಯ ತೋಳು ಮಡಚುತ್ತ ಅಂಗಳಕ್ಕೆ ಬಂದವನು, ಅತ್ತಿಗೆಯ ಕೈಯಲ್ಲಿ ಬೀಸಣಿಗೆ ನೋಡಿ ಅಲ್ಲೇ ನಿಂತ.

“ಅತ್ತಿಗೆ, ಇದೆಲ್ಲ ನಿಮಗ್ಯಾಕೆ? ಕೊಡಿ ಇಲ್ಲಿ.”

“ಪಕ್ಕೆಲುಬು ನಿಂದು, ಎಡ್ವಿನ್. ಈ ತುದಿ ಮಾತ್ರ ನಂದು. ಇಲ್ಲಿಗೆ ಬೀಸಬೇಡ, ಉರಿ ಮೇಲೇಳುತ್ತೆ.”

ಮೈದುನ ತಲೆ ಕೆರೆದುಕೊಂಡು ಪಕ್ಕಕ್ಕೆ ಸರಿದ. ಇಬ್ಬರೂ ಒಂದೇ ಅಗ್ಗಿಷ್ಟಿಕೆಯ ಎರಡು ತುದಿಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತರು. ಗೋಡೆಯಾಚೆಯಿಂದ ಕ್ನಾರಿಕ್‌ಳ ತಲೆ ಎರಡು ಸಲ ಕಾಣಿಸಿ ಮರೆಯಾಯಿತು.

ಊಟಕ್ಕೆ ಕೂರುವ ಮೊದಲೇ ಹಿಲ್ಡಾ ಕೋಣೆಯಿಂದ ಅತ್ತೆಯ ಬಟ್ಟೆಯ ಚೀಲ ತಂದು ಬಾಗಿಲ ಹತ್ತಿರ ಇಟ್ಟಿದ್ದಳು. ಅದನ್ನು ದಾಟಿಕೊಂಡೇ ಎಲ್ಲರೂ ಓಡಾಡಬೇಕು. ಅಜ್ಜಿ ಅದನ್ನು ನೋಡಿಯೂ ನೋಡದ ಹಾಗೆ ಮೇಜಿನ ಮೂಲೆಯಲ್ಲಿ ಕೂತಳು. ಎಡ್ವಿನ್ ಅವಳ ತಟ್ಟೆಗೆ ದೊಡ್ಡದೊಂದು ಪಕ್ಕೆಲುಬು ಹಾಕಿದ.

“ತಿನ್ನಮ್ಮಾ. ಇವತ್ತಾದ್ರೂ ಅಣ್ಣನ ಹೆಸರಲ್ಲಿ ತಿನ್ನು.”

ಅಜ್ಜಿಯ ಕೈ ಲವಾಶಿನ ಕಡೆ ಹೋಯಿತು, ಸುತ್ತಲು.

“ನೋಡಿ, ಶುರುವಾಯ್ತು” ಎಂದಳು ಹಿಲ್ಡಾ. “ಹಲ್ಲು ಗಟ್ಟಿಯಾಗಿದ್ದೂ ತಿನ್ನಲ್ಲ ಅಂದ್ರೆ ಏನರ್ಥ? ಅಕ್ಕ, ನಾನು ಇದನ್ನ ಹೇಳಬಾರದು, ಈ ಮನೇಲಿ ಅವರನ್ನ ಯಾರೂ ಸರಿಯಾಗಿ ನೋಡ್ಕೊಂಡಿಲ್ಲ. ನಾನಾಗಿದ್ರೆ…”

ನಾಜಿಕ್‌ಳ ನಾಲಿಗೆಯ ತುದಿಗೆ ಬಂದ ಮಾತು ಏನೆಂದು ಅಜ್ಜಿಗೆ ಗೊತ್ತಿತ್ತು. ಮೇಜಿನಾಚೆಯಿಂದ ಸೊಸೆಯನ್ನೇ ನೋಡಿದಳು. ಒಂದು ಮಾತು ಸಾಕು, ಹಿಲ್ಡಾ ಇನ್ನು ಈ ಜನ್ಮದಲ್ಲಿ ತಲೆ ಎತ್ತುವಂತಿಲ್ಲ. ಎಷ್ಟು ವರ್ಷದ ಲೆಕ್ಕ ಚುಕ್ತಾ ಆಗಿಬಿಡುತ್ತಿತ್ತು!

ನಾಜಿಕ್ ಆ ಮಾತನ್ನು ನುಂಗಿದಳು. ಎದ್ದು ಅಂಗಳಕ್ಕೆ ಹೋಗಿ, ಲವಾಶಿನಲ್ಲಿ ಸುತ್ತಿಟ್ಟಿದ್ದ ಸೂಕಿಯ ತಟ್ಟೆ ತಂದಳು. ತನ್ನ ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದು ಕೂತಳು.

“ಅದೇನು, ಯಾರಿಗೆ?” ಎಂದ ಎಡ್ವಿನ್.

“ನಂಗೆ. ಬೆಂಕಿ ಮುಂದೆ ನಿಂತವರ ಪಾಲು. ಯಾರೂ ಕೈ ಹಾಕಬೇಡಿ.”

ಎಡ್ವಿನ್ ಅಣ್ಣನ ಮಾತು ಗುರುತು ಹಿಡಿದು ನಗಲು ಹೋಗಿ ಕಣ್ಣು ತುಂಬಿಕೊಂಡ.

ನಾಜಿಕ್ ಒಂದು ಚೂರನ್ನು ಎತ್ತಿ ಅತ್ತೆಯ ಮುಂದೆ ಹಿಡಿದಳು. “ಅತ್ತೆ, ಉಪ್ಪು ಸರಿಯಾಗಿದೆಯಾ ನೋಡಿ.”

ಅಜ್ಜಿ ಚೂರನ್ನು ತೆಗೆದುಕೊಂಡು ಬಾಯಿಗಿಟ್ಟು, ನಿಧಾನವಾಗಿ ಆಡಿಸಿ ನುಂಗಿದಳು.

“ಕಮ್ಮಿ.”

“ಇದರಲ್ಲಿ?”

“ಇದರಲ್ಲಿ ಜಾಸ್ತಿ. ಒಂದೇ ಸರಳಲ್ಲಿ ಎರಡು ರುಚಿ ಮಾಡಿದೀಯ.”

“ಮೊದಲನೇ ಸಲ ಅಲ್ವಾ? ಇದು ನೋಡಿ.”

“ಮೆಣಸು ಮೂಗಿಗೆ ಹತ್ತುತ್ತೆ.”

“ನಿಮಗೆ ಯಾವುದು ತಾನೇ ಸರಿ ಇರುತ್ತೆ? ಇದಾದ್ರೂ ನೋಡಿ.”

ಹೀಗೆ ನೋಡಿ ನೋಡಿಯೇ ತಟ್ಟೆ ಖಾಲಿಯಾಯಿತು. ಅತ್ತೆ ಸೊಸೆ ವರ್ಷದ ದಿನವೂ ಕಚ್ಚಾಡುತ್ತಿದ್ದಾರೆ ಎಂದು ಹಿಲ್ಡಾ ತಲೆ ಚಚ್ಚಿಕೊಂಡಳು. ಎಡ್ವಿನ್ ಮಾತ್ರ ಖಾಲಿ ತಟ್ಟೆಯನ್ನೇ ನೋಡುತ್ತಿದ್ದ.

“ಹಿಲ್ಡಾ, ಅಮ್ಮ ತಿಂದ್ಲು ಕಣೇ” ಎಂದ.

“ತಿನ್ನದೆ? ಹಲ್ಲು ಅಂಥದ್ದು ಹಾಕಿಸಿದೀನಿ” ಎಂದಳು ಹಿಲ್ಡಾ.

ಸಂಜೆ ಹೊರಡುವಾಗ ಎಡ್ವಿನ್ ಚೀಲಕ್ಕೆ ಕೈ ಹಾಕಿದ. ಅಜ್ಜಿ ಕೂತಲ್ಲಿಂದಲೇ, “ಅದನ್ನ ಒಳಗಿಡೋ. ಇವಳಿಗೆ ಉಪ್ಪಿನ ಅಂದಾಜು ಬರೋವರೆಗೆ ನಾನು ಎಲ್ಲಿಗೂ ಬರೋ ಹಾಗಿಲ್ಲ” ಎಂದಳು. ಎಡ್ವಿನ್ ಅತ್ತಿಗೆಯ ಮುಖ ನೋಡಿದ. “ಒಳಗಿಡು” ಎಂದಳು ನಾಜಿಕ್, ಈ ಸಲ ತಡಮಾಡದೆ.

ಎಲ್ಲರೂ ಹೋದರು. ಅಜ್ಜಿ ಮಗನ ಕುರ್ಚಿಯಲ್ಲೇ ತೂಕಡಿಸಿದಳು. ನಾಜಿಕ್ ಪಾತ್ರೆಗಳನ್ನು ತೊಟ್ಟಿಯಲ್ಲಿ ಹಾಗೇ ಬಿಟ್ಟು ಅಂಗಳಕ್ಕೆ ಬಂದಳು. ಅಗ್ಗಿಷ್ಟಿಕೆ ಇನ್ನೂ ಬೆಚ್ಚಗಿತ್ತು. ಪಕ್ಕದ ತಟ್ಟೆಯಲ್ಲಿ ಯಾರೂ ಮುಟ್ಟದ ಒಂದು ಪಕ್ಕೆಲುಬು ಕೊಬ್ಬು ಹೆಪ್ಪುಗಟ್ಟಿ ಕೂತಿತ್ತು. ಅದನ್ನು ಕೈಗೆತ್ತಿಕೊಂಡು, ನಿಂತಲ್ಲೇ ಕಚ್ಚಿದಳು. ತಣ್ಣಗೆ, ಹೊಗೆ ಹೊಗೆಯಾಗಿ, ಮೂಳೆಯ ಹತ್ತಿರ ಸ್ವಲ್ಪ ಸಿಹಿ. ಇಲ್ಲೇ, ಇದೇ ಜಾಗದಲ್ಲಿ ಅವನು ನಿಂತಿರುತ್ತಿದ್ದ. ಒಳಗೆ ಪಾತ್ರೆಯ ಸದ್ದು ಕೇಳಿಸಿಕೊಳ್ಳುತ್ತ ಒಬ್ಬನೇ ತಿನ್ನುತ್ತಿದ್ದ. ಒಂದು ಸಲ, ಒಂದೇ ಒಂದು ಸಲ ಅವಳು ನಲ್ಲಿ ನಿಲ್ಲಿಸಿ ಹೊರಗೆ ಬಂದಿದ್ದರೆ!

“ಅಮ್ಮಾ?” ಆರ್ಲೆಟ್ ಬಾಗಿಲಲ್ಲಿ ನಿಂತಿದ್ದಳು. “ನೀನು ಆ ಸೂಕಿ ಒಂದು ಚೂರೂ ತಿನ್ನಲಿಲ್ಲ ಅಲ್ವಾ? ನಾನು ನೋಡ್ತಾ ಇದ್ದೆ. ನಿಂಗೆ ಇಷ್ಟ ಇಲ್ವಾ?”

ನಾಜಿಕ್ ಮೂಳೆಯನ್ನು ಬೆನ್ನ ಹಿಂದೆ ಮರೆಮಾಡಿದಳು.

“ಯಾರು ಹೇಳಿದ್ದು? ನಂಗೆ ಸೂಕಿ ಅಂದ್ರೆ ಪ್ರಾಣ” ಎಂದಳು, “ನಿಮ್ಮಪ್ಪನ ಹಾಗೇ.”